ಸೋಮವಾರ ಬಿಗಿಯುವ ಎದೆ

ನೂಲಿನ ಗಿರಣಿಯಲ್ಲಿ ಪಾಳಿ ಮುಗಿಸಿ ಬರುವವರನ್ನು ಗೇಟಿನ ಬಳಿ ನಿಂತು ನೋಡಬೇಕು. ಹುಬ್ಬು, ರೆಪ್ಪೆ, ಮೀಸೆಗೆಲ್ಲ ಬಿಳಿ ನವಿರು ಅಂಟಿ, ಇಪ್ಪತ್ತೈದರ ಹುಡುಗನೂ ನರೆತವನಂತೆ ಕಾಣುತ್ತಾನೆ. ಟವೆಲ್ಲಿನಿಂದ ಕೊಡವಿಕೊಂಡರೆ ಮೈಮೇಲಿನದು ಉದುರುತ್ತದೆ. ಉಸಿರಿನೊಂದಿಗೆ ಒಳಹೋದದ್ದು ಉದುರುವುದಿಲ್ಲ.

ಗೋಕಾಕ ಫಾಲ್ಸ್‌ನಲ್ಲಿ 19ನೇ ಶತಮಾನದಲ್ಲೇ ಗಿರಣಿ ಬಂತು. ದಾವಣಗೆರೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿತು. ಊರು ಯಾವುದಾದರೂ ಅರಳೆ ನೂಲಾಗುವ ದಾರಿ ಒಂದೇ. ಬ್ಲೋ ರೂಮಿನಲ್ಲಿ ಬೇಲ್ ಬಿಚ್ಚಿ, ಗಟ್ಟಿಯಾಗಿ ಕೂತ ಹತ್ತಿಯನ್ನು ಯಂತ್ರ ಬಡಿದು ಸಡಿಲಿಸುತ್ತದೆ. ಕಾರ್ಡಿಂಗ್ ಯಂತ್ರದ ಮುಳ್ಳುತಂತಿಯ ಉರುಳೆ ಅದನ್ನು ಎಳೆಎಳೆಯಾಗಿ ಹಿಂಜುತ್ತದೆ. ಎಳೆಯನ್ನು ತೆಳುವಾಗಿಸುವ ಸಿಂಪ್ಲೆಕ್ಸ್ ದಾಟಿ, ನೂಲು ಹೊಸೆಯುವ ರಿಂಗ್ ಫ್ರೇಮಿಗೆ ಬರುವಷ್ಟರಲ್ಲಿ ಹತ್ತಿ ಶುಭ್ರವಾಗಿರುತ್ತದೆ. ಅದರ ಕಸದಲ್ಲಿ ಒಂದಷ್ಟು ಮೊದಲೆರಡು ವಿಭಾಗಗಳ ಗಾಳಿಗೆ ಸೇರಿರುತ್ತದೆ.

ಆ ಕಸದಲ್ಲಿ ಒಣ ಎಲೆಯ ಚೂರು, ಕಾಯಿಯ ತೊಟ್ಟಿನ ಎಸಳು, ಹೊಲದ ಮಣ್ಣು, ಬ್ಯಾಕ್ಟೀರಿಯಾಗಳ ವಿಷಾಂಶ ಎಲ್ಲವೂ ಇರುತ್ತವೆ. ವರ್ಷಗಟ್ಟಲೆ ಇದನ್ನು ಉಸಿರಾಡಿದವರ ಶ್ವಾಸನಾಳ ಊದಿಕೊಂಡು ಕಿರಿದಾಗುತ್ತದೆ. ಈ ಕಾಯಿಲೆಗೆ ಬಿಸಿನೋಸಿಸ್ ಎಂದು ಹೆಸರು. ಭಾನುವಾರ ಹಗುರಾಗಿದ್ದ ಎದೆ ಸೋಮವಾರ ಪಾಳಿಗೆ ಹೋದ ಕೆಲವೇ ತಾಸಿನಲ್ಲಿ ಬಿಗಿಯುತ್ತದೆ. ಮಂಗಳವಾರದಿಂದ ತುಸು ಸಡಿಲ. ವಾರದ ರಜೆ ಬೇರೆ ದಿನವಿದ್ದರೆ ಬಿಗಿತವೂ ಅದರ ಮರುದಿನಕ್ಕೆ ಸರಿಯುತ್ತದೆ. ಇಂಗ್ಲೆಂಡಿನ ಲಂಕಾಶೈರ್‌ನ ಗಿರಣಿ ಕಾರ್ಮಿಕರಲ್ಲಿ ಇದನ್ನು ಅಭ್ಯಾಸ ಮಾಡಿದ ವೈದ್ಯ ರಿಚರ್ಡ್ ಷಿಲ್ಲಿಂಗ್, 1950ರ ದಶಕದಲ್ಲಿ ಕಾಯಿಲೆಯ ಹಂತಗಳನ್ನು ಗುರುತಿಸಿದ್ದೇ ಈ ಸೋಮವಾರದ ಲೆಕ್ಕದಲ್ಲಿ: ಮೊದಲು ಯಾವಾಗಲೋ ಒಂದು ಸೋಮವಾರ, ಆಮೇಲೆ ಪ್ರತಿ ಸೋಮವಾರ, ಮುಂದೆ ವಾರದ ಉಳಿದ ದಿನಗಳಲ್ಲೂ. ಕೊನೆಗೆ ಶ್ವಾಸಕೋಶದ ಶಕ್ತಿಯೇ ಶಾಶ್ವತವಾಗಿ ಕುಂದುತ್ತದೆ.

ಎಕ್ಸ್‌ರೇಯಲ್ಲಿ ಇದಕ್ಕೆ ಪ್ರತ್ಯೇಕ ಗುರುತಿಲ್ಲ. ಹಾಗಾಗಿ ಆಸ್ತಮಾ ಎಂದೋ ಬೀಡಿಯ ಕೆಮ್ಮು ಎಂದೋ ಚೀಟಿ ಬರೆದು ಕಳಿಸುವುದು ಸುಲಭ. ಬೀಡಿ ಇದನ್ನು ಉಲ್ಬಣಿಸುತ್ತದೆ ನಿಜ, ಆದರೆ ಧೂಳಿನ ಹೊಣೆಯನ್ನು ಬೀಡಿಯ ತಲೆಗೆ ಕಟ್ಟುವುದು ಅನ್ಯಾಯ. ನಮ್ಮ ಕಾನೂನು ಬಿಸಿನೋಸಿಸ್ಸನ್ನು ವೃತ್ತಿಜನ್ಯ ರೋಗವೆಂದು ಒಪ್ಪಿದೆ. ಪರಿಹಾರ ಕಾರ್ಮಿಕರ ಹಕ್ಕು.

ತಡೆಯುವ ದಾರಿಯೂ ಗೊತ್ತಿದೆ. ಅಮೆರಿಕ 1978ರಲ್ಲಿ ನೂಲು ತಯಾರಿಕೆಯ ಗಾಳಿಯಲ್ಲಿ ಘನ ಮೀಟರಿಗೆ 0.2 ಮಿಲಿಗ್ರಾಂ ಹತ್ತಿ ಧೂಳಿನ ಮಿತಿ ಹಾಕಿತು. ಅಲ್ಲಿ ಕಾಯಿಲೆ ಗಣನೀಯವಾಗಿ ಇಳಿಯಿತು. ಯಂತ್ರಕ್ಕೆ ಮುಚ್ಚಳ, ಧೂಳು ಹುಟ್ಟುವಲ್ಲೇ ಹೀರುವ ಕೊಳವೆ, ಪೊರಕೆಯ ಬದಲು ವ್ಯಾಕ್ಯೂಮ್, ಪಾಳಿಗೆ ಮುಂಚೆ ಮತ್ತು ನಂತರ ಊದಿಸಿ ನೋಡುವ ಸ್ಪೈರೊಮೆಟ್ರಿ ಪರೀಕ್ಷೆ ಇವೆಲ್ಲ ಬೇಕು. ಮೂಗಿಗೆ ಕಟ್ಟಿದ ಟವೆಲ್ ಸಾಲದು.

ಮನೆಯಲ್ಲಿ ಗಿರಣಿಗೆ ಹೋಗುವವರಿದ್ದರೆ, ರಜೆಯ ಮರುದಿನ ಸಂಜೆ ಚಹಾ ಕೊಡುತ್ತಾ ಕೇಳಿ: ‘ಇವತ್ತು ಎದೆ ಬಿಗೀತಾ?’ ಹೌದೆಂದರೆ ಡಾಕ್ಟರ ಬಳಿ ಕರೆದೊಯ್ಯಿರಿ. ಕೆಮ್ಮಿನ ಜೊತೆಗೆ ಮಾಡುವ ಕೆಲಸವನ್ನೂ, ಬಿಗಿಯುವ ದಿನವನ್ನೂ ಹೇಳಿ, ಬರೆಸಿಕೊಂಡು ಬನ್ನಿ.