ಇಂಗ್ಲೆಂಡಿನ ವಾರ್ಡಿನಲ್ಲಿ ಶಿಷ್ಯತ್ವದ ದಿನಚರಿ

“ನಿಮಗೇನ್ರಿ ಚಿಂತಿ, ಕ್ರೈಸ್ತರ ದೇಶದಾಗ ಇದ್ದೀರಿ.” ಗದಗ-ಬೆಟಗೇರಿಯ ಬಂಧುಗಳು ದೂರವಾಣಿ ಮಾಡಿದಾಗಲೆಲ್ಲ ಈ ಮಾತು ಒಮ್ಮೆಯಾದರೂ ಬಂದೇ ಬರುತ್ತದೆ. ಬಾಸೆಲ್ ಮಿಷನ್ನಿನ ನೆರಳಿನಲ್ಲಿ ಬೆಳೆದ ನಮ್ಮವರ ಮನಸ್ಸಿನಲ್ಲಿ ಯುರೋಪು ಇಂದಿಗೂ ಪಾದ್ರಿಗಳನ್ನು ಕಳುಹಿಸಿಕೊಟ್ಟ ನಾಡು. 1834ರಲ್ಲಿ ಮಂಗಳೂರಿಗೆ ಬಂದಿಳಿದವರ ಊರುಗಳಲ್ಲಿ ಭಾನುವಾರ ಇನ್ನೂ ಎಲ್ಲರೂ ಆರಾಧನೆಗೆ ಹೋಗುತ್ತಿರಬೇಕು ಎಂಬುದು ಅವರ ನಂಬಿಕೆ. ಇಲ್ಲಿಗೆ ಬರುವ ಆಸೆಯುಳ್ಳ ಯುವ ವೈದ್ಯರೂ ದಾದಿಯರೂ ಹಾಗೆಯೇ ಭಾವಿಸಿರುತ್ತಾರೆ.

ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ತಾವು ಕ್ರೈಸ್ತರೆಂದು ಬರೆಸಿದವರು ಶೇ 46.2 ಮಾತ್ರ. ಹತ್ತು ವರ್ಷಗಳ ಹಿಂದೆ ಅದು ಶೇ 59.3 ಇತ್ತು. ಯಾವ ಧರ್ಮವೂ ಇಲ್ಲ ಎಂದವರು ಶೇ 37.2. ಹಾಗೆ ಬರೆಸಿದ ಕ್ರೈಸ್ತರಲ್ಲಿಯೂ ಅನೇಕರು ದೇವಾಲಯದ ಒಳಗೆ ಕಾಲಿಡುವುದು ಮದುವೆಗೆ, ಮಣ್ಣಿಗೆ, ಒಮ್ಮೊಮ್ಮೆ ಕ್ರಿಸ್ಮಸ್ಸಿಗೆ. ನಮ್ಮ ವಾರ್ಡಿನಲ್ಲಿ ತಪ್ಪದೆ ಆರಾಧನೆಗೆ ಹೋಗುವವರು ಯಾರೆಂದು ಕೇಳಿದರೆ ಕೇರಳದ ಇಬ್ಬರು ದಾದಿಯರು, ನೈಜೀರಿಯಾದ ಒಬ್ಬರು, ಫಿಲಿಪ್ಪೀನ್ಸ್‌ನ ಒಬ್ಬರು, ಆಮೇಲೆ ನಾನು. ಮಿಷನರಿಗಳನ್ನು ಕಳುಹಿಸಿದ ಖಂಡದಲ್ಲಿ ಇಂದು ಬೆಂಚು ತುಂಬಿಸುವವರು ಮಿಷನರಿಗಳು ಹೋದ ನಾಡುಗಳಿಂದ ಬಂದವರು!

ನಾನು ಕೆಲಸ ಮಾಡುವುದು ಪ್ಯಾಲಿಯೇಟಿವ್ ಕೇರ್ ವಿಭಾಗದಲ್ಲಿ. ಅಂದರೆ ಗುಣವಾಗದ ಕಾಯಿಲೆಯವರ ನೋವು, ಉಬ್ಬಸ, ಭಯಗಳನ್ನು ತಗ್ಗಿಸುವ ವಿಭಾಗ. ಸಾವು ಸಮೀಪಿಸಿದವರ ಬಳಿ ನಿತ್ಯ ಕುಳಿತುಕೊಳ್ಳುವ ಕ್ರೈಸ್ತ ವೈದ್ಯನು ಸುವಾರ್ತೆಯ ಮಾತನ್ನು ಆಡದಿರುವುದು ಹೇಗೆ ಎಂದು ಊರಿನ ಸಭಾಪಾಲಕರೊಬ್ಬರು ನನ್ನನ್ನು ಕೇಳಿದ್ದರು. ಇಲ್ಲಿನ ವೈದ್ಯರನ್ನು ನಿಯಂತ್ರಿಸುವ ಜನರಲ್ ಮೆಡಿಕಲ್ ಕೌನ್ಸಿಲ್, ವೈದ್ಯರ ವೈಯಕ್ತಿಕ ನಂಬಿಕೆಗಳ ಕುರಿತು 2013ರಲ್ಲಿ ಮಾರ್ಗಸೂಚಿಯೊಂದನ್ನು ಹೊರಡಿಸಿತು. ರೋಗಿಯೇ ನೇರವಾಗಿ ಕೇಳಿದರೆ, ಅಥವಾ ಅಂಥ ಮಾತು ತನಗೆ ಬೇಕೆಂದು ಸೂಚಿಸಿದರೆ, ವೈದ್ಯನು ತನ್ನ ನಂಬಿಕೆಯ ಬಗ್ಗೆ ಮಾತನಾಡಬಹುದು. ತಾನಾಗಿ ಹೇರುವಂತಿಲ್ಲ; ರೋಗಿಯ ಅಸಹಾಯಕತೆಯನ್ನು ಬಳಸಿಕೊಳ್ಳುವಂತಿಲ್ಲ. ಇದು ನಂಬಿಕೆಗೆ ಹಾಕಿದ ಬೀಗ ಎಂದು ಕೆಲವರು ದೂರುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ಮಾರ್ಫಿನ್ ಬರೆಯುವ ಕೈ ನನ್ನದು, ಹಾಸಿಗೆಯಿಂದ ಏಳಲಾರದವರು ಅವರು. ಆ ಸ್ಥಿತಿಯಲ್ಲಿ ಅವರು ನನ್ನ ಮಾತಿಗೆ “ಆಗಲಿ” ಎಂದರೆ ಅದು ಒಪ್ಪಿಗೆಯೋ ಮುಲಾಜೋ ಎಂದು ತಿಳಿಯುವುದು ಹೇಗೆ?

ಕೇಳಿದವರೂ ಇದ್ದಾರೆ. ಎಂಬತ್ತು ದಾಟಿದ ವೃದ್ಧೆಯೊಬ್ಬರು ನಡುರಾತ್ರಿ, “ನೀವು ಪ್ರಾರ್ಥನೆ ಮಾಡುವವರೇನು?” ಎಂದರು. ಹೌದೆಂದೆ. ಹಾಗಾದರೆ ಮಾಡಿ ಎಂದರು. ಇಂಗ್ಲಿಷಿನಲ್ಲಿ ಆರಂಭಿಸಿದವನಿಗೆ ಎರಡು ವಾಕ್ಯಗಳ ನಂತರ ಮಾತು ಬರಲಿಲ್ಲ. ಉಳಿದದ್ದನ್ನು ನನ್ನ ಅವ್ವ ಮಾಡುತ್ತಿದ್ದಂತೆ ಕನ್ನಡದಲ್ಲಿ ಮಾಡಿದೆ. ಅರ್ಥವಾಗಲಿಲ್ಲವೆಂದು ಅವರು ಬೇಸರಿಸಲಿಲ್ಲ. ಇನ್ನೊಮ್ಮೆ, ನಿವೃತ್ತ ಬಸ್ ಚಾಲಕರಾಗಿದ್ದ ಸಿಖ್ ಹಿರಿಯರಿಗೆ ತಮ್ಮ ಗುರುದ್ವಾರದವರು ಬರಬೇಕಾಗಿತ್ತು, ಕೇಳಲು ಸಂಕೋಚ. ನಮ್ಮ ಆಸ್ಪತ್ರೆಯಲ್ಲಿ ಎಲ್ಲ ಮತದವರಿಗೂ ನೆರವಾಗುವ ಚಾಪ್ಲಿನ್‌ರ ತಂಡವಿದೆ. ಅವರಿಗೆ ಹೇಳಿ ಕಳುಹಿಸಿದೆ. ಸಂಜೆಯೊಳಗೆ ಗ್ರಂಥಿಯವರು ಬಂದರು. ಮೊದಲನೆಯದನ್ನು ನನ್ನ ಬಂಧುಗಳು ಸಾಕ್ಷಿ ಎಂದು ಮೆಚ್ಚುತ್ತಾರೆ, ಎರಡನೆಯದನ್ನು ಕೇಳಿ ಸುಮ್ಮನಾಗುತ್ತಾರೆ. ಶಿಷ್ಯನಾದವನಿಗೆ ಎರಡೂ ಒಂದೇ ಕರ್ತವ್ಯದ ಭಾಗ ಎಂಬುದು ನನ್ನ ತಿಳಿವಳಿಕೆ.

ಈ ವಿಷಯದಲ್ಲಿ ನನಗೆ ದಾರಿ ತೋರಿದವರು ಡೇಮ್ ಸಿಸಿಲಿ ಸಾಂಡರ್ಸ್. ದಾದಿಯಾಗಿ ತರಬೇತಿ ಪಡೆದು, ಬೆನ್ನುನೋವಿನಿಂದ ಆ ಕೆಲಸ ಬಿಟ್ಟು, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ನಲವತ್ತರ ಸಮೀಪದಲ್ಲಿ ವೈದ್ಯೆಯಾದವರು. 1948ರಲ್ಲಿ ತೀರಿಕೊಂಡ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯಹೂದಿ ನಿರಾಶ್ರಿತ ಅವರಿಗೆ 500 ಪೌಂಡ್ ಬಿಟ್ಟು ಹೋದನು. ಅದರಿಂದ ಮೊಳೆತ ಕನಸು 1967ರಲ್ಲಿ ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಆಯಿತು. ನೋವು ಮರುಕಳಿಸುವವರೆಗೆ ಕಾಯದೆ ಹೊತ್ತು ಹೊತ್ತಿಗೆ ಮಾರ್ಫಿನ್ ಕೊಡಬೇಕು, ದೇಹದ ನೋವನ್ನು ಮನಸ್ಸಿನ, ಕುಟುಂಬದ, ಆತ್ಮದ ನೋವಿನಿಂದ ಬೇರ್ಪಡಿಸಲಾಗದು ಎಂದು ಜಗತ್ತಿಗೆ ಕಲಿಸಿದ್ದು ಆಕೆ. ಆಳವಾದ ಕ್ರೈಸ್ತ ನಂಬಿಕೆಯಿಂದ ಕಟ್ಟಿದ ಮನೆ ಅದು. ಬಾಗಿಲು ಮಾತ್ರ ಎಲ್ಲ ಮತದವರಿಗೂ, ಮತವಿಲ್ಲದವರಿಗೂ ತೆರೆದಿತ್ತು. ಔಷಧದ ಪ್ರಮಾಣವನ್ನು ಸರಿಯಾಗಿ ಲೆಕ್ಕ ಹಾಕುವುದೂ ಭಕ್ತಿಯೇ ಎಂದು ನಾನು ಅರಿತದ್ದು ಅವರಿಂದ.

ಭಾರತೀಯ ಕುಟುಂಬಗಳು ಬಂದಾಗ ನಮ್ಮ ನಂಬಿಕೆಗೆ ಬೇರೊಂದು ಪರೀಕ್ಷೆ. “ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ಗೊತ್ತಾದರೆ ಕುಗ್ಗಿಹೋಗ್ತಾರೆ.” ಈ ಬೇಡಿಕೆಯ ಹಿಂದಿರುವುದು ಪ್ರೀತಿಯೇ; ನಾನೂ ಅದೇ ಮಣ್ಣಿನವನಾದ್ದರಿಂದ ನನಗದು ಅರ್ಥವಾಗುತ್ತದೆ. ಇಲ್ಲಿನ ಪದ್ಧತಿಯಲ್ಲಿ, ಬುದ್ಧಿ ಸ್ವಾಧೀನದಲ್ಲಿರುವ ರೋಗಿಗೆ ತನ್ನ ಕಾಯಿಲೆಯ ಸತ್ಯವನ್ನು ತಿಳಿಯುವ ಹಕ್ಕಿದೆ. ಮಗನ ಮಾತಿಗೆ ಅದನ್ನು ಮುಚ್ಚಿಡುವಂತಿಲ್ಲ. ಪರ್ವತ ಪ್ರಸಂಗವನ್ನು ಓದಿ ಬೆಳೆದವನಿಗೂ ಹೌದನ್ನು ಅಲ್ಲವೆನ್ನುವ ಸ್ವಾತಂತ್ರ್ಯವಿಲ್ಲ. ಆದರೆ ಸತ್ಯವನ್ನು ಕಲ್ಲಿನಂತೆ ಎಸೆಯಬೇಕೆಂದು ಕಾಯಿದೆಯೂ ಹೇಳಿಲ್ಲ, ಸತ್ಯವೇದವೂ ಹೇಳಿಲ್ಲ. ಆದ್ದರಿಂದ ನಾನು ಮೊದಲು ಕೇಳುತ್ತೇನೆ: ನಿಮ್ಮ ಕಾಯಿಲೆಯ ಬಗ್ಗೆ ಎಷ್ಟು ತಿಳಿಯಬೇಕೆಂದು ಇಚ್ಛಿಸುತ್ತೀರಿ? ಎಲ್ಲವೂ ಬೇಕೋ, ಸ್ವಲ್ಪ ಸಾಕೋ, ಅಥವಾ ಮಗನೊಡನೆಯೇ ಮಾತನಾಡಲೋ?

ಧಾರವಾಡದ ಕಡೆಯ ಹಿರಿಯರೊಬ್ಬರು ಮಗನನ್ನು ನೋಡಲು ಬಂದವರು ಇಲ್ಲಿಯೇ ಹಾಸಿಗೆ ಹಿಡಿದರು. ಮಗ ನನ್ನನ್ನು ಕಾರಿಡಾರಿಗೆ ಕರೆದು, ಕೈ ಹಿಡಿದು, ಕ್ಯಾನ್ಸರ್ ಎಂಬ ಶಬ್ದ ತಂದೆಯ ಕಿವಿಗೆ ಬೀಳಬಾರದೆಂದು ಬೇಡಿದ. ಸುಳ್ಳು ಹೇಳಲಾರೆ, ಅವರು ಕೇಳದಿದ್ದುದನ್ನು ಹೇಳಲೂ ಹೋಗುವುದಿಲ್ಲ ಎಂದು ಅವನಿಗೆ ತಿಳಿಸಿ ಒಳಗೆ ಹೋದೆ. ನನ್ನ ಪ್ರಶ್ನೆಗೆ ಹಿರಿಯರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಆಮೇಲೆ ಮೆಲ್ಲಗೆ, “ನನಗ ಗೊತ್ತದರಿ ಡಾಕ್ಟರ್. ನನ್ನ ಮಗಗ ಹೇಳಬ್ಯಾಡ್ರಿ, ಅವ ಭಾಳ ಹೆದರತಾನ” ಎಂದರು. ಅಂದು ಸಂಜೆ ತಂದೆ ಮಗನನ್ನು ಒಂದೇ ಕೋಣೆಯಲ್ಲಿ ಕೂಡಿಸಿದೆ. ಊರಿಗೆ ಹೋಗುವ ವಿಮಾನದ ಮಾತು, ಹೊಲದ ಪಾಲಿನ ಮಾತು, ಮೊಮ್ಮಗಳ ಓದಿನ ಮಾತು ಎಲ್ಲವೂ ಅಂದೇ ಆದವು. ಅವರು ಲಿಂಗಾಯತರು, ನನ್ನ ನಂಬಿಕೆಯ ಪ್ರಸ್ತಾಪ ಅಲ್ಲಿ ಬರಲೂ ಇಲ್ಲ, ಬೇಕಾಗಿಯೂ ಇರಲಿಲ್ಲ.

ಭಾನುವಾರದ ಪಾಳಿಯ ಬಗ್ಗೆ ಬಹಳ ಹೇಳಬೇಕಾಗಿಲ್ಲ. ಸರದಿ ಬಂದಾಗ ಕೆಲಸವೇ ಆರಾಧನೆ. ಈದ್ ಮತ್ತು ದೀಪಾವಳಿಯಂದು ನಾನು ಡ್ಯೂಟಿ ಮಾಡುತ್ತೇನೆ; ಕ್ರಿಸ್ಮಸ್ಸಿನ ಬೆಳಗ್ಗೆ ಲಾಹೋರಿನ ಸಹೋದ್ಯೋಗಿಯೋ ಪುಣೆಯವರೋ ನನ್ನ ಬದಲಿಗೆ ನಿಲ್ಲುತ್ತಾರೆ. ಕನ್ನಡದ ಆರಾಧನೆ ನಮಗೆ ವರ್ಷಕ್ಕೆ ಒಂದೆರಡು ಬಾರಿ, ಯಾರದೋ ಮನೆಯಲ್ಲಿ. ಉಳಿದಂತೆ ಹತ್ತಿರದ ಆಂಗ್ಲಿಕನ್ ದೇವಾಲಯ. ಮೂವತ್ತು ಮಂದಿ, ಹೆಚ್ಚಿನವರು ನನಗಿಂತ ಹಿರಿಯರು. ಗುರುವಾರ ಅದೇ ಸಭಾಂಗಣದಲ್ಲಿ ಫುಡ್ ಬ್ಯಾಂಕ್ ನಡೆಯುತ್ತದೆ. ನೌಕರಿ ಇದ್ದೂ ತಿಂಗಳ ಕೊನೆಗೆ ಅಡುಗೆ ಸಾಮಾನಿಗೆ ಹಣವಿಲ್ಲದವರು ಬರುತ್ತಾರೆ. ಬೇಳೆ ಡಬ್ಬಿಗಳನ್ನು ಜೋಡಿಸುವಾಗ ಈ ದೇಶದ ಬಡತನವೂ ಕಾಣುತ್ತದೆ. ಹೊರಡುವ ಮುನ್ನ ನಮ್ಮ ಯುವಕರು ಅದನ್ನೂ ತಿಳಿದಿರಬೇಕು.

ಕಷ್ಟದ ಶಿಷ್ಯತ್ವ ಮಾತ್ರ ವಾರ್ಡಿನಲ್ಲಲ್ಲ, ಊರಿನಿಂದ ಬರುವ ಕರೆಗಳಲ್ಲಿ. ಇಲ್ಲಿ ವೈದ್ಯನಾಗಲು ಪ್ಲ್ಯಾಬ್ ಪರೀಕ್ಷೆ ಪಾಸಾದರೆ ಸಾಲದು. ಎಲ್ಲಿ, ಎಷ್ಟು ಕಾಲ, ಏನು ಮಾಡಿದ್ದೀರಿ ಎಂಬುದಕ್ಕೆ ಹಿರಿಯ ವೈದ್ಯರ ಲಿಖಿತ ಸಾಕ್ಷ್ಯ ಬೇಕು. ಅದರಲ್ಲಿ ಸುಳ್ಳು ಕಂಡುಬಂದರೆ ಬರೆಸಿಕೊಂಡವರೂ ಬರೆದವರೂ ನೋಂದಣಿ ಕಳೆದುಕೊಳ್ಳಬಹುದು. ನಮ್ಮದೇ ಸಭೆಯ ದೂರದ ಸಂಬಂಧಿಕರೊಬ್ಬರು ತಮ್ಮ ಮಗ ಆರು ತಿಂಗಳು ನನ್ನ ಕೈಕೆಳಗೆ ಕೆಲಸ ಕಲಿತನೆಂದು ಬರೆದುಕೊಡಲು ಕೇಳಿದರು. ಅವನು ನನ್ನ ವಾರ್ಡಿಗೆ ಬಂದು ನಿಂತದ್ದು ಎರಡು ವಾರ. ಎರಡು ವಾರವೆಂದು ಬರೆಯುತ್ತೇನೆ ಎಂದೆ. “ದೇವರ ಹೆಸರು ಹೇಳ್ತೀರಿ, ನಮ್ಮವರಿಗೇ ಇಷ್ಟು ಮಾಡಂಗಿಲ್ಲಾ?” ಎಂದು ಅವರು ಕೇಳಿದ ಧ್ವನಿ ಇನ್ನೂ ಕಿವಿಯಲ್ಲಿದೆ. ಇನ್ನೊಬ್ಬರು, ವೀಸಾ ಕೊಡಿಸುತ್ತೇನೆಂದು ಲಕ್ಷಗಟ್ಟಲೆ ಕೇಳುವ ಏಜೆಂಟನೊಬ್ಬ ಸಭೆಯವನೇ ಆದ್ದರಿಂದ ನಂಬಬಹುದೇ ಎಂದು ವಿಚಾರಿಸಿದರು. ಆರೋಗ್ಯ ಸೇವೆಯ ವಿದೇಶಿ ನೇಮಕಾತಿಗೆ ಬ್ರಿಟನ್ ಸರ್ಕಾರ ರೂಪಿಸಿದ ಸಂಹಿತೆಯ ಪ್ರಕಾರ ಅಭ್ಯರ್ಥಿಯಿಂದ ನೇಮಕಾತಿ ಶುಲ್ಕ ಪಡೆಯುವಂತೆಯೇ ಇಲ್ಲ. ಆರೈಕೆ ಕಾರ್ಯಕರ್ತರ ಹುದ್ದೆಗೆ ವಿದೇಶದಿಂದ ಹೊಸದಾಗಿ ಕರೆಸಿಕೊಳ್ಳುವುದು 2025ರ ಜುಲೈನಲ್ಲಿಯೇ ನಿಂತಿದೆ. ಅದನ್ನೇ ಹೇಳಿದೆ. ಅವರ ಹಣ ಉಳಿಯಿತು.

ಎರಡು ವಾರದ ಪತ್ರವನ್ನು ನಾನು ಕಳುಹಿಸಿದೆ. ಹುಡುಗ ಅದನ್ನು ಬಳಸಲಿಲ್ಲ. ಹುಬ್ಬಳ್ಳಿಯಲ್ಲಿಯೇ ಒಂದು ವರ್ಷ ದುಡಿದು, ಅಲ್ಲಿಯ ವೈದ್ಯರಿಂದ ನಿಜವಾದ ಪತ್ರ ಪಡೆದು ಮತ್ತೆ ಅರ್ಜಿ ಹಾಕಿದ್ದಾನೆಂದು ಬೇರೆಯವರಿಂದ ತಿಳಿಯಿತು. ಅವನ ತಂದೆ ನನ್ನೊಡನೆ ಮಾತು ಬಿಟ್ಟು ಮೂರು ವರ್ಷವಾಯಿತು. ಪ್ರತಿ ಕ್ರಿಸ್ಮಸ್ಸಿಗೂ ನಾನು ಕಾರ್ಡು ಕಳುಹಿಸುತ್ತೇನೆ. ಉತ್ತರ ಇನ್ನೂ ಬಂದಿಲ್ಲ.