ಕರಿ ಒಂದರಿಂದ ಬಿಳಿ ಮೂರಕ್ಕೆ ಹಾರುವ ರಾಗ

ಪಾಶ್ಚಾತ್ಯರ ಪಿಯಾನೋ ಪುಸ್ತಕಗಳಲ್ಲಿ ಒಂದು ಸ್ವರಶ್ರೇಣಿಗೆ ‘ಡಬಲ್ ಹಾರ್ಮೋನಿಕ್’ ಎಂದು ಹೆಸರು. ‘ಬೈಝಾಂಟೈನ್’ ಅಂತಲೂ ಕರೀತಾರೆ. ದೂರದೇಶದ ವಿಚಿತ್ರ ನಾದ ಅನ್ನೋ ವಿವರಣೆ ಬೇರೆ. ಒತ್ತಿ ನೋಡಿದರೆ ಹೊರಡುವುದು ನಮ್ಮ ಮಾಯಾಮಾಳವಗೌಳ! 72 ಮೇಳಕರ್ತಗಳಲ್ಲಿ 15ನೆಯದು. ಸರಳೆ ವರಸೆಗೆ ಇದನ್ನು ಆರಿಸಿದವರು ಪುರಂದರದಾಸರು ಅನ್ನೋದು ಪರಂಪರೆಯ ನಂಬಿಕೆ. ಗಡಿಯ ಈಚೆ ತೆಲುಗಿನಲ್ಲಿ ಕಲಿಯುವ ಮಗುವೂ ಆಚೆ ಕನ್ನಡದಲ್ಲಿ ಕಲಿಯುವ ಮಗುವೂ ಮೊದಲು ಬಾಯಿ ತೆರೆಯುವುದು ಇದರಲ್ಲೇ. ನಮ್ಮ ಅನಂತಪುರ ಸೀಮೆಯ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರಿನಲ್ಲಿ ತೆಲುಗು ಕಲಿಸುತ್ತಾ ಸಂಗೀತದ ಬಗ್ಗೆ ಕನ್ನಡದಲ್ಲೂ ಬರೆದರು. ಸ-ರಿ-ಗ-ಮಕ್ಕೆ ಅನುವಾದ ಬೇಕಿಲ್ಲವಲ್ಲ.

ಈಗ ರಾಯದುರ್ಗ, ಮಡಕಶಿರದ ಕಡೆ ಎಷ್ಟೋ ಮಕ್ಕಳ ಕೈಗೆ ಹಾರ್ಮೋನಿಯಂಗಿಂತ ಮೊದಲು ಕೀಬೋರ್ಡ್ ಬರುತ್ತದೆ. ಬಿಳಿ ಮನೆಗಳನ್ನೇ ಸಾಲಾಗಿ ಒತ್ತೋದು ಮೊದಲ ಪಾಠ. ಅದು ಶಂಕರಾಭರಣದ ಸ್ವರ. ಆಮೇಲೆ ಮಾಯಾಮಾಳವಗೌಳ ಕೇಳಿಸಿದರೆ, ‘ಇದೇನು ಅರಬ್ಬರ ಹಾಡಿನಂಗೈತೆ’ ಅಂತಾರೆ. ಮಾತು ಪೂರಾ ಸುಳ್ಳಲ್ಲ. ಅರಬ್ ಸಂಗೀತದ ಹಿಜಾಝ್‌ಕಾರ್ ಇದರ ಹತ್ತಿರದ ನೆಂಟ. ಪೂರ್ವ ಮೆಡಿಟರೇನಿಯನ್ ಕಡೆಯ ‘ಮಿಸಿರ್ಲೂ’ ಹಾಡನ್ನು 1962ರಲ್ಲಿ ಅಮೆರಿಕದ ಡಿಕ್ ಡೇಲ್ ಗಿಟಾರಿನಲ್ಲಿ ಬಾರಿಸಿದ್ದೂ ಇದೇ ಸ್ವರಗಳ ಮೇಲೆ. ಆದರೆ ಮನೆಮಗಳನ್ನೇ ಪರಸ್ಥಳದವಳು ಅಂದರೆ ಹೊಟ್ಟೆ ಉರಿಯುತ್ತೆ.

ಬಿಳಿ ಒಂದನ್ನು ಸ ಮಾಡಿಕೊಳ್ಳಿ. ರಿ ಪಕ್ಕದ ಕರಿ ಒಂದು. ಅಲ್ಲಿಂದ ಬಿಳಿ ಎರಡು, ಕರಿ ಎರಡನ್ನು ಹಾರಿ ಬಿಳಿ ಮೂರು, ಅದು ಗ. ಬಿಳಿ ನಾಲ್ಕು ಮ, ಬಿಳಿ ಐದು ಪ, ಕರಿ ನಾಲ್ಕು ಧ. ಮತ್ತೊಂದು ಹಾರಿಕೆ, ಬಿಳಿ ಏಳು ನಿ. ಹೆಜ್ಜೆ ಎಣಿಸಿದರೆ 1-3-1-2-1-3-1. ‘ವಿಕಟಕವಿ’ ಅನ್ನೋ ಪದದ ಹಾಗೆ, ಹಿಂದಿನಿಂದ ಓದಿದರೂ ಅದೇ. ಸ-ರಿ-ಗ-ಮದ ನಡಿಗೆಯೇ ಪ-ಧ-ನಿ-ಸಕ್ಕೂ ಬರುತ್ತದೆ. ಅರ್ಧ ಕಲಿತ ಮಗುವಿಗೆ ಇನ್ನರ್ಧ ಪುಕ್ಕಟೆ!

ಇನ್ನು ಕಾರ್ಡ್. ಒಂದು ಬಿಟ್ಟು ಒಂದರಂತೆ ಮೂರು ಸ್ವರ ಒಟ್ಟಿಗೆ ಒತ್ತೋದು. ಸ-ಗ-ಪ ಮೇಜರ್ ಕಾರ್ಡ್, ಬೆಳಕಿನ ಧ್ವನಿ. ಅದರ ಪಕ್ಕದ ರಿ-ಮ-ಧವೂ ಮೇಜರ್ರೇ. ಒಂದೇ ಮನೆ ಅಂತರದಲ್ಲಿ ಎರಡು ಮೇಜರ್ ಕಾರ್ಡ್! ಶಂಕರಾಭರಣದಲ್ಲಿ ಇದು ಸಿಕ್ಕೋದಿಲ್ಲ. ಅವರಿಗೆ ವಿಚಿತ್ರ ಅನ್ನಿಸುವುದರ ಗುಟ್ಟು ಬಹುಪಾಲು ಇಲ್ಲೇ ಇದೆ. ಗ-ಪ-ನಿ, ಮ-ಧ-ಸ ಎರಡೂ ಮೈನರ್, ಮಬ್ಬಿನ ಧ್ವನಿ. ಧ-ಸ-ಗದಲ್ಲಿ ಅಂತರಗಳೆಲ್ಲ ಸಮ. ತಲೆ ಯಾವುದು, ಕಾಲು ಯಾವುದು ತಿಳಿಯದೆ ತೇಲುತ್ತದೆ. ನಿ-ರಿ-ಮ ಒರಟು, ಅದನ್ನು ಬಿಟ್ಟರೂ ನಷ್ಟವಿಲ್ಲ.

ತೊಡಕಿರೋದು ಪ-ನಿ-ರಿಯಲ್ಲಿ. ಪಾಶ್ಚಾತ್ಯರ ಹಾಡು ಸ-ಗ-ಪಕ್ಕೆ ಮರಳುವ ರಾಜಮಾರ್ಗ ಅದು. ಅಲ್ಲಿ ರಿ ಬಿಳಿ ಎರಡರದು. ಇಲ್ಲಿ ಶುದ್ಧ ರಿ ಒಂದು ಮನೆ ಕೆಳಗಿರೋದರಿಂದ ಆ ಕಾರ್ಡ್ ಕಾಲು ಮುರಿದ ಮಂಚದಂತೆ ಓಲಾಡುತ್ತೆ. ಹಾಗಾದರೆ ಮನೆಗೆ ಮರಳೋದು ಹೇಗೆ? ಪಕ್ಕದ ಬಾಗಿಲಿಂದ. ರಿ-ಮ-ಧ ಹಿಡಿದ ಮೂರೂ ಬೆರಳನ್ನು ಒಂದೊಂದು ಮನೆ ಕೆಳಗೆ ಜಾರಿಸಿ. ರಿ ಸಕ್ಕೆ, ಮ ಗಕ್ಕೆ, ಧ ಪಕ್ಕೆ ಬಂದು ಕೂರುತ್ತವೆ. ನಿ ಕೂಡಿಸಿಕೊಂಡರೆ ಅದು ಕೆಳಗಿನಿಂದ ಏರಿ ಸ ಸೇರುತ್ತೆ. ಮೇಲಿಂದ ಒಬ್ಬ, ಕೆಳಗಿಂದ ಒಬ್ಬ, ಇಬ್ಬರೂ ಒಂದೇ ಹೊಸ್ತಿಲಿಗೆ. ಇದನ್ನು ಯಾವ ದೇಶದವರೂ ಹೊರಗಿಂದ ಅಂಟಿಸಿದ್ದಲ್ಲ. ರಾಗದ ಸ್ವರಗಳಲ್ಲೇ ಇತ್ತು.

‘ಕಾರ್ಡ್ ಹಿಡಿದರೆ ರಾಗ ಕೆಡುತ್ತೆ’ ಅನ್ನುವ ಹಿರಿಯರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕೀಬೋರ್ಡಿನ ಮನೆ ಗಟ್ಟಿ ಗೋಡೆ, ಗಮಕ ನುಸುಳೋದಿಲ್ಲ. ಒಂದು ಮನೆ ಅಂತರವನ್ನು 100 ಪಾಲು ಮಾಡಿದರೆ, ತಂಬೂರಿಯ ಶ್ರುತಿಗೆ ಕೂಡುವ ಗಕ್ಕಿಂತ ಪಿಯಾನೋದ ಗ ಸುಮಾರು 14 ಪಾಲು ಏರು. ಇಂಥ ತಕರಾರಿನ ನಡುವೆಯೇ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಮೇಲೆ ನಿಷೇಧ ಹಾಕಿತ್ತು. ಅದು ಸಡಿಲವಾದದ್ದು 1971ರಲ್ಲಿ. ಅಷ್ಟೂ ವರ್ಷ ನಮ್ಮ ಕಡೆ ಪದ್ಯನಾಟಕಗಳು ಆ ಪೆಟ್ಟಿಗೆಯನ್ನು ಬಿಡಲಿಲ್ಲ. ಪದ್ಯ ಎಳೆಯುವವನ ಕೊರಳು ಗಮಕ ನೋಡಿಕೊಳ್ಳುತ್ತಿತ್ತು, ಪೆಟ್ಟಿಗೆ ಶ್ರುತಿ ನೋಡಿಕೊಳ್ಳುತ್ತಿತ್ತು.

ಕೀಬೋರ್ಡಿಗೂ ಅದೇ ಪಾಲು ಕೊಡಬಹುದು. ಹಾಡುವಾಗ ಸ್ವರಕ್ಕೊಂದು ಕಾರ್ಡ್ ಬದಲಿಸುವ ಚಟ ಬೇಡ. ಎಡಗೈಯಲ್ಲಿ ಸ-ಪ ಎರಡನ್ನೇ ಹಿಡಿದಿಡಿ. ಗ ಬಿಟ್ಟರೆ ಆ 14 ಪಾಲಿನ ಜಗಳವೂ ಇಲ್ಲ. ಪಲ್ಲವಿ ಮುಗಿದು ಕೊರಳು ಸದ ಮೇಲೆ ನಿಂತಾಗ ಮಾತ್ರ ರಿ-ಮ-ಧದಿಂದ ಸ-ಗ-ಪಕ್ಕೆ ಒಮ್ಮೆ ಜಾರಿ. ಮಕ್ಕಳು ಮೊದಲು ಬಾಯಲ್ಲಿ ಹಾಡಲಿ, ಆಮೇಲೆ ಒತ್ತಲಿ.