ನರೆಗೂದಲಿಗೆ ಗೋರಂಟಿ

ನರೆಯ ವಿಷಯದಲ್ಲಿ ನಮ್ಮ ಹಿರಿಯರದು ಒಂದೇ ಮತವಲ್ಲ. ನರೆ ಮುಖದತ್ತ ಇಳಿಯುವ ಮುನ್ನವೇ ದೇವರನ್ನು ನೆನೆಯಿರೆಂದು ಬಸವಣ್ಣನವರು ಎಚ್ಚರಿಸಿದರೆ, ಅವರಿಗಿಂತ ಸುಮಾರು ಆರು ಶತಮಾನ ಹಿಂದಿನವನಾದ ಉಜ್ಜಯಿನಿಯ ವರಾಹಮಿಹಿರನು, ಗ್ರಹಗತಿ ಮಳೆ ಭೂಕಂಪಗಳನ್ನು ವಿಚಾರಿಸಿದ ಅದೇ ಬೃಹತ್ಸಂಹಿತೆಯಲ್ಲಿ, ತಲೆ ಬೆಳ್ಳಗಾದವನಿಗೆ ಮಾಲೆ, ಗಂಧ, ವಸ್ತ್ರ, ಆಭರಣಗಳಾವುವೂ ಶೋಭಿಸವಾದ ಕಾರಣ ಕೇಶರಂಜನಕ್ಕೆ ಯತ್ನಿಸಬೇಕೆಂದು ಸಂಕೋಚವಿಲ್ಲದೆ ನುಡಿದು, ಅದರ ವಿಧಾನವನ್ನೂ ಬರೆದಿಟ್ಟಿದ್ದಾನೆ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಹುಳಿನೀರು ಮತ್ತು ಲೋಹಚೂರ್ಣದೊಡನೆ ಬೇಯಿಸಿ, ನುಣ್ಣಗೆ ಅರೆದು ತಲೆಗೆ ಮೆತ್ತಿ, ಹಸಿ ಎಲೆಗಳನ್ನು ಸುತ್ತಿಕೊಂಡು ಎರಡು ಪ್ರಹರ ಕುಳಿತಿರಬೇಕು; ತರುವಾಯ ಅದನ್ನು ತೆಗೆದು ನೆಲ್ಲಿಕಾಯಿಯ ಲೇಪ, ಮತ್ತೆ ಎಲೆ, ಮತ್ತೆರಡು ಪ್ರಹರ. ಕಡೆಗೆ ತಲೆಯಲ್ಲಿ ಉಳಿಯುವ ಕಬ್ಬಿಣದ ಹಾಗೂ ಹುಳಿಯ ವಾಸನೆಯನ್ನು ಕಳೆಯುವುದಕ್ಕೆ ಪರಿಮಳದ್ರವ್ಯಗಳ ಸ್ನಾನವನ್ನೂ ವಿಧಿಸಿರುವುದನ್ನು ಕಂಡರೆ, ಆ ಜ್ಯೋತಿಷಿ ಈ ಪ್ರಯೋಗವನ್ನು ಯಾರದೋ ತಲೆಯ ಮೇಲೆ ತೀರ ಸಮೀಪದಿಂದ ನೋಡಿದ್ದನೆಂದೇ ತೋರುತ್ತದೆ.

ಈ ಪಾಕದಲ್ಲಿ ಗೋರಂಟಿ ಇಲ್ಲ. ಆದರೂ ಇಂದು ನಮ್ಮ ಮನೆಗಳಲ್ಲಿ ಗೋರಂಟಿಯನ್ನು ಕಲಸುವಾಗ ಕಬ್ಬಿಣದ ಬಾಣಲೆಯೂ ನೆಲ್ಲಿಚಟ್ಟಿನ ಪುಡಿಯೂ ಚಹದ ಕಷಾಯವೂ ತಪ್ಪದೆ ಬರುತ್ತವೆ. ಚಹದ ಮತ್ತು ನೆಲ್ಲಿಯ ಒಗರು ಕಬ್ಬಿಣದೊಡನೆ ಕೂಡಿದರೆ ಕಪ್ಪುಛಾಯೆ ಹುಟ್ಟುತ್ತದೆ. ಹಿಂದಿನವರು ಅಳಲೆಕಾಯಿ ಅನ್ನಭೇದಿಗಳಿಂದ ಮಸಿ ಕಾಯಿಸುತ್ತಿದ್ದುದೂ ಇದೇ ತತ್ತ್ವದ ಮೇಲೆ. ಹಳೆಯ ಮೈಸೂರಿನ ಕಡೆಯ ಗೋರಂಟಿ, ಕರಾವಳಿಯ ಮದರಂಗಿ, ಅಂಗಡಿಯ ಮೆಹೆಂದಿ ಎಲ್ಲವೂ ಒಂದೇ ಗಿಡ. ಹಿತ್ತಿಲ ಬೇಲಿಯಲ್ಲಿ ಬೆಳೆದು ಸಣ್ಣ ಹೂಗೊಂಚಲಿನಿಂದ ಸಂಜೆಯ ಗಾಳಿಗೆ ಕಂಪು ಕೊಡುವ ಆ ಗಿಡವನ್ನು ಈಗ ಕಡಿದವರೇ ಹೆಚ್ಚು. ಪೇಟೆಗೆ ಬರುವ ಪುಡಿಗೆ ಹೆಸರಾದ ಊರು ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್, ಅಲ್ಲಿಯ ಮೆಹೆಂದಿಗೆ 2021ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ.

ಗೋರಂಟಿಯಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಲಾಗದು ಎಂಬುದನ್ನು ಮೊದಲು ಅರಿತುಕೊಳ್ಳುವುದು ಲೇಸು. ಎಲೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯವು ತೇವ ಸೋಕಿದಾಗ ಹೊರಬಂದು, ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅಂಟಿದ ಬಳಿಕ ಸುಲಭವಾಗಿ ಬಿಡದು. ಆದರೆ ಅದರ ಬಣ್ಣ ಪಾರದರ್ಶಕವಾದುದು, ಮತ್ತು ಅದು ಕೂದಲಿನ ಸಹಜವರ್ಣವನ್ನು ಕಿಂಚಿತ್ತೂ ತೆಗೆಯುವುದಿಲ್ಲವಾದುದರಿಂದ, ಕಪ್ಪು ಎಳೆಯ ಮೇಲೆ ಬಿಸಿಲಿಗೆ ಮಾತ್ರ ಕಾಣುವ ಕೆಂಪು ಹೊಳಪಾಗಿಯೂ, ಬಿಳಿಯ ಎಳೆಯ ಮೇಲೆ ನಿಚ್ಚಳ ಕಿತ್ತಳೆಯಾಗಿಯೂ ಕಾಣುತ್ತದೆ. ಶುದ್ಧ ಗೋರಂಟಿ ಎಂದೂ ಕಪ್ಪಾಗದು. ನಮ್ಮ ಊರುಗಳ ಮುಸ್ಲಿಂ ಹಿರಿಯರು ಇದನ್ನು ಚೆನ್ನಾಗಿ ಬಲ್ಲರು. ನರೆಯನ್ನು ಮದರಂಗಿಯಿಂದ ಬದಲಿಸುವುದನ್ನು ಹದೀಸುಗಳು ಮೆಚ್ಚಿ ಹೇಳಿರುವುದರಿಂದ ಅವರ ಗಡ್ಡದ ಕೆಂಪು ಆಚಾರವೂ ಹೌದು, ಅಲಂಕಾರವೂ ಹೌದು; ಅದನ್ನು ಕಪ್ಪೆಂದು ನಂಬಿಸುವ ಹಂಬಲ ಅವರಿಗಿಲ್ಲ. ಕಾಡಿಗೆಯಂತಹ ತಲೆಯ ಕೆಳಗೆ ಅರುವತ್ತರ ಮುಖವನ್ನು ಹೊತ್ತು ತಿರುಗುವುದಕ್ಕಿಂತ ಈ ಕೆಂಪು ನನಗಂತೂ ಹೆಚ್ಚು ಒಪ್ಪುತ್ತದೆ.

ಇನ್ನು ಕಲಸುವ ಕ್ರಮ. ಹೆಗಲಿನವರೆಗಿನ ಕೂದಲಿಗೆ ಸುಮಾರು 100 ಗ್ರಾಂ ಪುಡಿ ಸಾಕು. ಅದು ಹಸಿರಾಗಿರಬೇಕು, ಒಣಹುಲ್ಲಿನ ಪರಿಮಳವಿರಬೇಕು, ಕಂದಿ ಕಂದುಬಣ್ಣಕ್ಕೆ ತಿರುಗಿದ್ದರೆ ಸತ್ತ್ವ ಹೋಯಿತೆಂದೇ ತಿಳಿಯತಕ್ಕದ್ದು. ವಸ್ತ್ರಗಾಳಿತ ಮಾಡಿದ ಪುಡಿಗೆ ಎರಡು ಚಮಚ ನೆಲ್ಲಿಚಟ್ಟಿನ ಪುಡಿ ಸೇರಿಸಿ, ನಾಲ್ಕು ಲವಂಗ ಹಾಕಿ ಕುದಿಸಿ ಆರಿಸಿದ ಚಹದ ಕಷಾಯವನ್ನು ಉಗುರುಬೆಚ್ಚಗಿರುವಾಗ ಸ್ವಲ್ಪಸ್ವಲ್ಪವಾಗಿ ಸುರಿಯುತ್ತ, ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಬಾಣಲೆಯನ್ನು ಮುಚ್ಚಿ ರಾತ್ರಿಯಿಡೀ ಇಟ್ಟರೆ, ಬೆಳಗ್ಗೆ ಮೇಲ್ಪದರ ಕಪ್ಪಿಟ್ಟು, ಬೆರಳಿಂದ ಕೆದಕಿದರೆ ಒಳಗೆ ಇನ್ನೂ ಹಸಿರಾಗಿರುವುದನ್ನು ಕಾಣಬಹುದು. ಹುಳಿ ಬಣ್ಣವನ್ನು ಹದವಾಗಿ ಬಿಡಿಸುತ್ತದೆಂಬ ಕಾರಣಕ್ಕೆ ಕೆಲವರು ನಿಂಬೆರಸ ಹಿಂಡುವರು. ಅತಿಯಾದರೆ ಕೂದಲು ಒರಟಾಗುತ್ತದೆ. ಮೊಟ್ಟೆ ಮೊಸರುಗಳನ್ನು ಬೆರೆಸುವ ಪದ್ಧತಿಯಲ್ಲಿ ನನಗೆ ನಂಬಿಕೆಯಿಲ್ಲ, ಏಕೆಂದರೆ ಪ್ರೋಟೀನನ್ನು ಹುಡುಕಿಕೊಂಡು ಹೋಗುವ ಬಣ್ಣಕ್ಕೆ ಅಲ್ಲಿಯೇ ಪ್ರೋಟೀನನ್ನು ಒದಗಿಸಿದರೆ ಅದು ತಲೆಯನ್ನೇಕೆ ಹುಡುಕೀತು? ಹಿಂದಿನ ದಿನ ಸೀಗೆಪುಡಿಯಿಂದ ತೊಳೆದ, ಎಣ್ಣೆಯಿಲ್ಲದ ಕೂದಲಿಗೆ ಬೈತಲೆಯಿಂದ ಬೈತಲೆಗೆ ಹಚ್ಚುತ್ತ ಹೋಗಬೇಕು. ಹಣೆಯಂಚಿಗೂ ಕಿವಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳದಿದ್ದರೆ ಮರುದಿನ ಕಚೇರಿಯಲ್ಲಿ ಎಲ್ಲರಿಗೂ ಸಮಾಚಾರ ತಿಳಿಯುತ್ತದೆ. ಲೇಪ ಒಣಗಕೂಡದಾದ್ದರಿಂದ ಹಿಂದೆ ಬಾಳೆಲೆ ಸುತ್ತುತ್ತಿದ್ದರು, ಈಗ ಪ್ಲಾಸ್ಟಿಕ್ ಕವರು. ಮಲೆನಾಡಿನ ಮಳೆಗಾಲದಲ್ಲಾದರೆ ಬಚ್ಚಲೊಲೆಯ ಪಕ್ಕವೇ ಸರಿಯಾದ ಆಸನ: ಶೀತವೂ ತಗಲದು, ಬೆಚ್ಚಗಿದ್ದಷ್ಟು ಬಣ್ಣವೂ ಚೆನ್ನಾಗಿ ಹಿಡಿಯುವುದು. ಎರಡು ಮೂರು ಗಂಟೆಗಳ ನಂತರ ಬರಿಯ ನೀರಿನಲ್ಲಿ ತೊಳೆಯಬೇಕು. ಅಂದಿನ ಕಿತ್ತಳೆಯನ್ನು ಕಂಡು ಗಾಬರಿಯಾಗಬೇಕಿಲ್ಲ, ಒಂದೆರಡು ದಿನಗಳಲ್ಲಿ ಗಾಳಿ ತಗಲಿ ಅದು ತಾನಾಗಿ ಗಾಢವಾಗುತ್ತದೆ.

ಕಪ್ಪೇ ಬೇಕೆನ್ನುವವರಿಗೆ ಮಾರ್ಗವುಂಟು. ಅದು ನೀಲಿಗಿಡದ ಎಲೆ. ಗೋರಂಟಿ ತೊಳೆದ ಕೂದಲಿಗೆ, ಬೆಚ್ಚನೆಯ ನೀರಿನಲ್ಲಿ ಚಿಟಿಕೆ ಉಪ್ಪಿನೊಡನೆ ಕಲಸಿದ ನೀಲಿಸೊಪ್ಪಿನ ಪುಡಿಯನ್ನು ಹಚ್ಚಿ ಒಂದು ಒಂದೂವರೆ ಗಂಟೆ ಬಿಟ್ಟರೆ, ಕೆಂಪಿನ ಮೇಲೆ ನೀಲಿ ಕೂಡಿ ಕಪ್ಪಾಗುತ್ತದೆ. ಇದರ ಸ್ವಭಾವ ಗೋರಂಟಿಗೆ ತದ್ವಿರುದ್ಧ: ಹುಳಿ ಆಗದು, ರಾತ್ರಿ ನೆನೆಸಿದರೆ ಸತ್ತುಹೋಗುತ್ತದೆ, ಕಲಸಿದ ಕಾಲು ಗಂಟೆಯೊಳಗೇ ಹಚ್ಚಲಾರಂಭಿಸಬೇಕು. ತೊಳೆದಾಗ ತಲೆ ಕೊಂಚ ಹಸಿರಾಗಿ ಕಂಡರೂ ಗಾಳಿಯ ಸಂಪರ್ಕದಿಂದ ಕಪ್ಪಿಗೆ ತಿರುಗುತ್ತದೆ. ಅಲ್ಲಿಯವರೆಗೆ ಎರಡು ದಿನ ಶಾಂಪೂ ತಾಗಿಸಬಾರದು.

ಅರ್ಧ ಗಂಟೆಯಲ್ಲಿ ಕಪ್ಪು ಮಾಡುವೆನೆಂದು ಪೊಟ್ಟಣದ ಮೇಲೆ ಎಲೆಯ ಚಿತ್ರ ಬರೆಸಿಕೊಂಡು ಬರುವ ‘ಕಪ್ಪು ಮೆಹೆಂದಿ’ಯನ್ನು ಇವೆರಡರ ಸಾಲಿನಲ್ಲಿ ಸೇರಿಸಲಾಗದು. ಅದರ ಕಪ್ಪು ಅನೇಕ ವೇಳೆ ಪಿಪಿಡಿ ಎಂಬ ರಾಸಾಯನಿಕದ್ದು. ಒಗ್ಗದವರಿಗೆ ನೆತ್ತಿ ಉರಿದು, ತುರಿಸಿ, ಕಣ್ಣುಮುಖಗಳು ಬಾತುಕೊಳ್ಳುವುದುಂಟು, ಒಮ್ಮೆ ಹೀಗಾದವರಿಗೆ ಮುಂದೆ ಪ್ರತಿ ಬಾರಿಯೂ ಆಗುವ ಸಂಭವವೇ ಹೆಚ್ಚು. ಪುಡಿ ಯಾವುದಾದರೂ ಆಗಲಿ, ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ, ಮೊಣಕೈಯ ಒಳಮಗ್ಗುಲಿಗೆ ಒಂದಿಷ್ಟು ಹಚ್ಚಿ ಎರಡು ದಿನ ಕಾಯುವುದು ಒಳ್ಳೆಯದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಿಗೆ, ಅದರಲ್ಲಿಯೂ ಕೂಸುಗಳಿಗೆ, ಶುದ್ಧ ಗೋರಂಟಿಯೂ ಸಲ್ಲದು. ಅವರ ರಕ್ತಕಣಗಳು ಒಡೆಯುವ ಅಪಾಯವಿದೆ.

ವರ್ಷಗಳಿಂದ ಗೋರಂಟಿ ಹಚ್ಚಿಕೊಂಡವರ ಒಂದು ಉದ್ದನೆಯ ಎಳೆಯನ್ನು ಬೆಳಕಿಗೆ ಹಿಡಿದು ನೋಡಿದರೆ, ಹಲವು ಲೇಪಗಳನ್ನು ಕುಡಿದ ತುದಿ ಇಟ್ಟಿಗೆಗೆಂಪಿನಿಂದ ಕಂದಿಗೆ ತಿರುಗಿರುತ್ತದೆ, ನಡುಭಾಗ ಕಿತ್ತಳೆ, ಬುಡದ ಒಂದು ಸೆಂಟಿಮೀಟರು ಅಪ್ಪಟ ಬಿಳುಪು. ತಿಂಗಳಿಗೆ ಬೆಳೆಯುವುದು ಸುಮಾರು ಅಷ್ಟೇ. ಆದಕಾರಣ ಪ್ರತಿ ತಿಂಗಳೂ ತಲೆತುಂಬ ಮೆತ್ತಿಕೊಳ್ಳುವುದು ಪುಡಿಗೂ ಭಾನುವಾರಕ್ಕೂ ದಂಡ. ಬೈತಲೆಯ ಇಕ್ಕೆಲಕ್ಕೂ ಕೆನ್ನೆಯ ಪಕ್ಕದ ಬುಡಗಳಿಗೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿಕೊಂಡರೆ ಒಂದು ಬಟ್ಟಲು ಗೋರಂಟಿಯಲ್ಲಿ ಕೆಲಸ ಮುಗಿಯುತ್ತದೆ.